ಮಾತ್ರೆ ಕೊಟ್ಟಿದ್ದು ಲಿವರ್‌ಗೆ, ಬಿಚ್ಚಿದ್ದು ಬೆರಳು: ಬಳ್ಳಾರಿಯ ಒಬ್ಬ ಜೀನ್ಸ್ ಟೇಲರ್ ಪ್ರಕರಣ

2023ರ ಮೇ ತಿಂಗಳು. ಬೆಳಿಗ್ಗೆ ಒಂಬತ್ತೂ ಆಗಿರಲಿಲ್ಲ, ಅಂಗಡಿಯ ಶಟರ್ ಮುಟ್ಟಿದರೆ ಕೈ ಸುಡುತ್ತಿತ್ತು. ಬಳ್ಳಾರಿಗೆ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ನಗ್ತೀವಲ್ಲ, ಅದು ಎರಡನೆಯದು. ಟೇಲರ್ ಬಂದು ಬಿಪಿ ಮಾತ್ರೆ ಕೇಳಿದರು. ನಾನು ರೂಢಿಯಂತೆ ಸ್ಟ್ರಿಪ್‌ನಿಂದ ಮಾತ್ರೆ ಬಿಡಿಸಲು ಹೋದೆ. "ಇರ್ಲಿ, ಇಲ್ ಕೊಡ್ರಿ" ಅಂದರು. ಸ್ಟ್ರಿಪ್ ಇಸ್ಕೊಂಡು ಹೆಬ್ಬೆರಳಲ್ಲಿ ಒತ್ತಿದರು. ಟಪ್ ಅಂತ ಮಾತ್ರೆ ಕೌಂಟರ್ ಮೇಲೆ ಬಿತ್ತು. ಇಬ್ಬರೂ ಸುಮ್ನೆ ಆ ಮಾತ್ರೆಯನ್ನೇ ನೋಡಿದೆವು. ಐದು ವರ್ಷದಿಂದ ಅವರ ಮಾತ್ರೆಗಳನ್ನೆಲ್ಲ ನಾನೇ ಬಿಡಿಸಿ ಒಂದು ಡಬ್ಬಿಗೆ ಹಾಕಿ ಕೊಡುತ್ತಿದ್ದೆ. ಸ್ಟ್ರಿಪ್ ಒತ್ತುವಷ್ಟು ಬಲವೂ ಅವರ ಬೆರಳಲ್ಲಿ ಇರಲಿಲ್ಲ.

ಕೀಲಿಗೆ ಅಂತ ಆಗ ಅವರು ಹೊಸ ಔಷಧಿ ಏನೂ ತಗೊಳ್ತಿರಲಿಲ್ಲ. ಇದ್ದ ಮುಖ್ಯ ಮಾತ್ರೆಯನ್ನೂ ನಿಲ್ಲಿಸಿ ಎರಡು ತಿಂಗಳಾಗಿತ್ತು. ಹೊಸದಾಗಿ ತಗೊಳ್ತಿದ್ದದ್ದು ಲಿವರಿನ ವೈರಸ್‌ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಟ್ಟ ಎರಡು ಮಾತ್ರೆ, ಅಷ್ಟೇ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಡಿ ಫಾರ್ಮಾ ಓದಿ ಕೌಲ್ ಬಜಾರ್ ಕಡೆ ಒಂದು ಸಣ್ಣ ಮೆಡಿಕಲ್ ಶಾಪ್ ಇಟ್ಟುಕೊಂಡವನು. ಇಲ್ಲಿರುವ ಲೆಕ್ಕಗಳೆಲ್ಲ ಅವರ ಫೈಲಿನವು ಮತ್ತು ನನ್ನ ಬಿಲ್ಲಿಂಗ್ ಕಂಪ್ಯೂಟರಿನವು. ಬರೆಯೋಕೆ ಅವರೇ ಒಪ್ಪಿದ್ದಾರೆ. ಹೆಸರು ಬೇಡ ಅಂದರು, ಹಾಗಾಗಿ ಟೇಲರ್ ಅಂತಲೇ ಕರೆಯುತ್ತೇನೆ.

ಅವರ ಕೆಲಸ ಏನು ಅಂತ ಗೊತ್ತಿದ್ದರೆ ಕಥೆ ಸಲೀಸು. ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಪೀಸ್ ಲೆಕ್ಕದ ಕೂಲಿ. ಎಷ್ಟು ಪ್ಯಾಂಟ್ ಹೊಲಿದರೋ ಅಷ್ಟು ದುಡ್ಡು. ದಪ್ಪ ಡೆನಿಮ್ ಬಟ್ಟೆಯನ್ನು ಎರಡು ಪದರ, ಸೊಂಟದ ಹತ್ತಿರ ನಾಲ್ಕು ಪದರ ಮಡಚಿ ಸೂಜಿಯ ಕೆಳಗೆ ತಳ್ಳಬೇಕು. ತಳ್ಳೋದು ಮೆಷಿನ್ ಒಂದೇ ಅಲ್ಲ, ಬೆರಳೂ ತಳ್ಳಬೇಕು. ಇಪ್ಪತ್ತೈದು ವರ್ಷ ಹಾಗೆ ತಳ್ಳಿದ ಕೈ ಅದು. ಅಂಥ ಕೈ 2017ರ ಚಳಿಗಾಲದಲ್ಲಿ ಬೆಳಿಗ್ಗೆ ಎದ್ದರೆ ಮಡಚಲಾಗದೆ ನಿಂತಿತು. ಎರಡೂ ಕೈಯ ಬೆರಳ ಗೆಣ್ಣು, ಮಣಿಕಟ್ಟು, ಆಮೇಲೆ ಕಾಲಿನ ಹರಡು. ಬಿಸಿನೀರಿನ ಚೆಂಬು ಹಿಡಿದು ಕೂತರೆ ಎರಡು ಗಂಟೆ ಬಿಟ್ಟು ಸ್ವಲ್ಪ ಸಡಿಲ ಆಗ್ತಿತ್ತಂತೆ.

ಮೊದಲು ಎಲ್ಲರೂ ಅಂದದ್ದು ಚಿಕೂನ್ ಗುನ್ಯಾ. ನಮ್ಮ ಕಡೆ ಇದು ಸಹಜ. 2006ರಲ್ಲಿ ಆ ಜ್ವರ ಊರೂರನ್ನೇ ಮಂಚಕ್ಕೆ ಹಾಕಿತ್ತು, ವರ್ಷಗಟ್ಟಲೆ ಕೀಲು ಹಿಡಿದುಕೊಂಡವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಇವರಿಗೆ ಜ್ವರವೇ ಬಂದಿರಲಿಲ್ಲ. ಆರು ತಿಂಗಳು ನನ್ನ ಅಂಗಡಿಯ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ಮೇಲೆ ಓಡಿಸಿದರು. ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಅದು. ಕೊಟ್ಟೆ. ಪರಿಚಯದವರು, ನೋವು ಅಂತಾರೆ, ನಾಳೆ ಕೂಲಿ ಹೋಗುತ್ತೆ ಅಂತಾರೆ, ಕೊಡ್ತೀವಿ. ಬೇರೆಯವರ ತಪ್ಪು ಹೇಳೋ ಮುಂಚೆ ನನ್ನದು ಹೇಳಬೇಕಲ್ವಾ?

2018ರ ಮಧ್ಯದಲ್ಲಿ ಒಂದು ಖಾಸಗಿ ಕ್ಲಿನಿಕ್‌ಗೆ ಹೋದರು. ಅಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಅನ್ನೋ ರಕ್ತ ಪರೀಕ್ಷೆ ಆಯಿತು. 20ರ ಒಳಗೆ ಇರಬೇಕಾದದ್ದು 126 ಬಂತು. ಮುಗೀತು. ಸಂಧಿವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಚೀಟಿ ಮೇಲೆ ಬಿತ್ತು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಅನ್ನೋ ಕೀಲುವಾತದ ಮಾತ್ರೆ, ಮೊದಲು 10 ಮಿಲಿಗ್ರಾಂ, ಆಮೇಲೆ 15. ಜೊತೆಗೆ ಫೋಲಿಕ್ ಆಸಿಡ್. ದಿನಾ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅನ್ನೋ ಸ್ಟೆರಾಯ್ಡ್. ನೋವು ಬಂದರೆ ಮತ್ತೆ ಡೈಕ್ಲೋಫೆನಾಕ್. ಆ ವಾರಕ್ಕೊಮ್ಮೆಯ ಮಾತ್ರೆಗೆ ನಾನು ಶನಿವಾರದ ಮಾತ್ರೆ ಅಂತ ಹೆಸರಿಟ್ಟಿದ್ದೆ. ಮೆಥೊಟ್ರೆಕ್ಸೇಟ್ ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ, ಆದ್ದರಿಂದ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ "ಶನಿವಾರ ಮಾತ್ರ" ಅಂತ ಬರೆದು ಅಂಟಿಸಿದ್ದೆ.

ಅರ್ಧ ಗುಣ ಆಯಿತು. ಅದು ಸ್ಟೆರಾಯ್ಡಿನ ಗುಣ ಅಂತ ಈಗ ಅನ್ನಿಸುತ್ತೆ. ಅದನ್ನು ಇಳಿಸಿದಾಗಲೆಲ್ಲ ಬೆರಳು ಊದಿಕೊಳ್ಳುತ್ತಿತ್ತು. ನಡುವೆ ಒಂದು ವರ್ಷ ಹೈಡ್ರಾಕ್ಸಿಕ್ಲೋರೊಕ್ವಿನ್ ಕೂಡ ಕೊಟ್ಟು ನೋಡಿದರು, ಏನೂ ಆಗಲಿಲ್ಲ.

ಈ ಐದು ವರ್ಷದಲ್ಲಿ ಮೂರು ಸುಳಿವು ಕಣ್ಣ ಮುಂದೆಯೇ ಇದ್ದವು, ನಾವು ಯಾರೂ ನೋಡಲಿಲ್ಲ.

ಒಂದು, ಲಿವರ್ ರಿಪೋರ್ಟ್. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಯಾವತ್ತೂ 70ರಿಂದ 95ರ ನಡುವೆ. ಮೆಥೊಟ್ರೆಕ್ಸೇಟ್ ತಗೊಂಡರೆ ಈ ಲೆಕ್ಕ ಏರೋದು ಇದ್ದದ್ದೇ ಅಂತ ಡೋಸ್ ಇಳಿಸೋದು, ಒಂದು ಲಿವರ್ ಟಾನಿಕ್ ಬರೆಯೋದು, ಆಮೇಲೆ ನೋವು ಜಾಸ್ತಿ ಆದರೆ ಡೋಸ್ ಏರಿಸೋದು, ಹೀಗೇ ನಡೀತು. ಮೆಥೊಟ್ರೆಕ್ಸೇಟ್ ಶುರು ಮಾಡೋ ಮುಂಚೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಬೇಕು ಅನ್ನೋದು ಕೀಲುವಾತದ ತಜ್ಞರ ಮಾರ್ಗಸೂಚಿಗಳಲ್ಲೇ ಇದೆ. ಆ ಎರಡು ಪರೀಕ್ಷೆ ಅವರ ಫೈಲಿನಲ್ಲಿ ಎಲ್ಲೂ ಇರಲಿಲ್ಲ. ಶುರುವಿನ ಮುಂಚಿನ ಎಸ್‌ಜಿಪಿಟಿಯೂ ಇರಲಿಲ್ಲ. ಇದ್ದಿದ್ದರೆ, ಮಾತ್ರೆಗಿಂತ ಮೊದಲೇ ಅದು ಏರಿತ್ತೋ ಇಲ್ಲವೋ ಗೊತ್ತಾಗುತ್ತಿತ್ತು.

ಎರಡು, ಎಕ್ಸ್‌ರೇ. ಐದು ವರ್ಷ ಊದಿದ ಕೀಲು, ಆದರೂ ಮೂಳೆ ಎಲ್ಲೂ ಸವೆದಿಲ್ಲ, ಬೆರಳು ಸೊಟ್ಟ ಆಗಿಲ್ಲ. ನಿಜವಾದ ರುಮಟಾಯ್ಡ್ ಇಷ್ಟು ವರ್ಷ ಪೂರ್ತಿ ಹಿಡಿತಕ್ಕೆ ಸಿಗದೆ ಇದ್ದರೆ ಸಾಮಾನ್ಯವಾಗಿ ಮೂಳೆಯ ಅಂಚು ತಿನ್ನುತ್ತೆ. "ಔಷಧಿ ಚೆನ್ನಾಗಿ ಕೆಲಸ ಮಾಡಿದೆ" ಅಂತ ಎಲ್ಲರೂ ಸಮಾಧಾನಪಟ್ಟರು.

ಮೂರನೆಯದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊಳಕಾಲಿನ ಕೆಳಗೆ, ಕಣಕಾಲಿನ ತನಕ, ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಮುಟ್ಟಿದರೆ ಕೈಗೆ ಉಬ್ಬು ಸಿಗೋದು. ಒತ್ತಿದರೂ ಬಣ್ಣ ಮಾಯ ಆಗ್ತಿರಲಿಲ್ಲ. ದಿನವಿಡೀ ಕೂತು ಹೊಲಿದ ಸಂಜೆ ಜಾಸ್ತಿ, ನಾಲ್ಕು ದಿನ ಬಿಟ್ಟು ಕಂದು ಕಲೆ ಮಾಡಿ ಹೋಗೋದು. ಜೀನ್ಸಿನ ನೀಲಿ ಬಣ್ಣ ಮೈಗೆ ಆಗಿಬರ್ತಿಲ್ಲ ಅಂತ ಅವರು, ಸೆಕೆಗುಳ್ಳೆ ಅಂತ ನಾನು. ಕ್ಯಾಲಮೈನ್ ಬಾಟಲಿ ಎಷ್ಟು ಮಾರಿದ್ದೀನೋ. ಸೆಕೆಗುಳ್ಳೆ ಕತ್ತು ಬೆನ್ನು ಬಿಟ್ಟು ಕಾಲಿಗೆ ಮಾತ್ರ ಯಾಕೆ ಬರುತ್ತೆ ಅಂತ ಒಂದು ಸಲ ಯೋಚಿಸಬಹುದಿತ್ತು.

ಸತ್ಯ ಹೊರಬಿದ್ದದ್ದು ಹರ್ನಿಯಾದಿಂದ. 2023ರ ಫೆಬ್ರುವರಿಯಲ್ಲಿ ತೊಡೆಸಂದಿಯ ಗಂಟಿಗೆ ಆಪರೇಶನ್ ಮಾಡಿಸೋಣ ಅಂತ ಇನ್ನೊಂದು ಆಸ್ಪತ್ರೆಗೆ ಹೋದರು. ಆಪರೇಶನ್ನಿಗೆ ಮುಂಚೆ ಎಲ್ಲರಿಗೂ ಮಾಡುವ ಹಾಗೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪರೀಕ್ಷೆ. ಮೂರನೆಯದು ರಿಯಾಕ್ಟಿವ್, ಅಂದರೆ ಪಾಸಿಟಿವ್. ಅವತ್ತು ಸಂಜೆ ಆ ಚೀಟಿ ಹಿಡ್ಕೊಂಡು ನನ್ನ ಅಂಗಡಿಗೆ ಬಂದವರು ಗಿರಾಕಿಗಳೆಲ್ಲ ಹೋಗುವ ತನಕ ಮೂಲೆಯಲ್ಲಿ ನಿಂತಿದ್ದರು. ಮಾತು ಹೊರಡಲಿಲ್ಲ. ಸಿ ಅಂದರೆ ಏಡ್ಸ್ ಥರಾನಾ ಅಂತ ಕೇಳಿದರು. ಅಲ್ಲ, ಇದು ಲಿವರಿನಲ್ಲಿ ಕೂರುವ ವೈರಸ್, ಈಗ ಪೂರ್ತಿ ವಾಸಿ ಆಗುತ್ತೆ ಅಂದೆ. ನಂಬಲಿಲ್ಲ. ಆಪರೇಶನ್ ಮುಂದಕ್ಕೆ ಹೋಯಿತು.

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಈ ವೈರಸ್ ಪತ್ತೆಯಾಗಿದ್ದೇ 1989ರಲ್ಲಿ. ಅದಕ್ಕೆ ಸಂಬಂಧಿಸಿದ ಕೆಲಸಕ್ಕೆ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಮೂವರಿಗೆ 2020ರಲ್ಲಿ ನೊಬೆಲ್ ಬಂತು. ಹಿಂದೆ ಇದಕ್ಕೆ ಇಂಟರ್‌ಫೆರಾನ್ ಅನ್ನೋ ಇಂಜೆಕ್ಷನ್ ಇತ್ತು. ಆರು ತಿಂಗಳು, ಒಂದು ವರ್ಷ ಚುಚ್ಚಿಸಿಕೊಂಡು ಜ್ವರ, ಸುಸ್ತು ಅನುಭವಿಸಿದರೂ ಎಲ್ಲರಿಗೂ ಗುಣ ಆಗ್ತಿರಲಿಲ್ಲ. ಕೀಲುವಾತ ಇದ್ದವರಿಗೆ ಅದನ್ನು ಕೆರಳಿಸುವ ಗುಣವೂ ಆ ಇಂಜೆಕ್ಷನ್ನಿಗೆ ಇತ್ತು. 2013ರಲ್ಲಿ ಸೊಫೊಸ್ಬುವಿರ್ ಬಂದ ಮೇಲೆ ಎಲ್ಲ ಬದಲಾಯಿತು. ಅಮೆರಿಕದಲ್ಲಿ ಅದರ ಒಂದು ಮಾತ್ರೆಗೆ 1000 ಡಾಲರ್ ಇಟ್ಟಿದ್ದರು. ನಮ್ಮಲ್ಲಿ ಜನರಿಕ್ ಬಂದು ಬೆಲೆ ನೆಲಕ್ಕಿಳಿಯಿತು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು, ಅದರಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ವಿಚಿತ್ರ ನೋಡಿ, ಇವರಿಗೆ ಶನಿವಾರದ ಮಾತ್ರೆ ಶುರುವಾದದ್ದೂ ಅದೇ 2018ರಲ್ಲಿ.

ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಒಬ್ಬರು ಫೈಲ್ ಪೂರ್ತಿ ತಿರುವಿ ಹಾಕಿದರು. ಇಡೀ ಪ್ರಕರಣದಲ್ಲಿ ಕೂತು ಓದಿದವರು ಅವರೊಬ್ಬರೇ. ಕೇಳಿದ ಮೊದಲ ಪ್ರಶ್ನೆ, "ಯಾವಾಗಾದರೂ ರಕ್ತ ಹಾಕಿಸಿಕೊಂಡಿದ್ರಾ?" 1993ರಲ್ಲಿ ಸಿರುಗುಪ್ಪ ರಸ್ತೆಯಲ್ಲಿ ಲಾರಿ ಗುದ್ದಿ ತೊಡೆ ಮೂಳೆ ಮುರಿದಿತ್ತು. ಎರಡು ಬಾಟಲಿ ರಕ್ತ ಕೊಟ್ಟಿದ್ದರು. ಆ ಕಾಲದಲ್ಲಿ ನಮ್ಮಲ್ಲಿ ದಾನದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯ ಇರಲಿಲ್ಲ. ಅದರಿಂದಲೇ ಬಂತು ಅಂತ ಆಣೆ ಮಾಡೋಕಾಗಲ್ಲ. ಊರಿನಲ್ಲಿ ಒಂದೇ ಗಾಜಿನ ಸಿರಿಂಜ್ ಕುದಿಸಿ ಕುದಿಸಿ ಎಲ್ಲರಿಗೂ ಚುಚ್ಚುತ್ತಿದ್ದ ಕಾಲವೂ ಅದೇ. ಈ ವೈರಸ್ ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇರಬಲ್ಲದು.

ಎರಡನೆಯ ಸುತ್ತಿನ ಪರೀಕ್ಷೆಗಳು ಬಂದವು. ರಕ್ತದಲ್ಲಿ ವೈರಸ್‌ನ ಆರ್‌ಎನ್‌ಎ ಒಂದು ಮಿಲಿಲೀಟರಿಗೆ ಹದಿನಾಲ್ಕು ಲಕ್ಷ ಯೂನಿಟ್. ಲಿವರ್ ಇನ್ನೂ ಕಲೆ ಕಟ್ಟಿ ಕಲ್ಲಾಗಿರಲಿಲ್ಲ, ಅದು ಪುಣ್ಯ. ಹೆಪಟೈಟಿಸ್ ಬಿ ಇಲ್ಲ. ಇದನ್ನು ನೋಡಲೇಬೇಕು, ಯಾಕಂದ್ರೆ ಬಿ ಇದ್ದು ಸಿಗೆ ಮಾತ್ರ ಮಾತ್ರೆ ಕೊಟ್ಟರೆ ಬಿ ತಲೆಯೆತ್ತಬಹುದು. ಆಂಟಿ ಸಿಸಿಪಿ ಅನ್ನೋ ಪರೀಕ್ಷೆ ನೆಗೆಟಿವ್. ಸಿ4 ಅನ್ನೋ ಪ್ರೋಟೀನ್ ತುಂಬಾ ಕಡಿಮೆ.

ಕಥೆಯ ತಿರುಳು ಇರುವುದು ಇಲ್ಲೇ. ರುಮಟಾಯ್ಡ್ ಫ್ಯಾಕ್ಟರ್ ಅನ್ನೋ ಹೆಸರೇ ಮೋಸ. ರುಮಟಾಯ್ಡ್ ಇಲ್ಲದವರಲ್ಲೂ ಅದು ಬರುತ್ತೆ, ಹೆಪಟೈಟಿಸ್ ಸಿ ಇರುವವರಲ್ಲಂತೂ ಸುಮಾರು ಅರ್ಧ ಜನರಲ್ಲಿ ಸಿಗುತ್ತೆ. ವೈರಸ್ ವರ್ಷಗಟ್ಟಲೆ ರಕ್ತದಲ್ಲಿ ಓಡಾಡಿಕೊಂಡಿದ್ದರೆ ಮೈಯ ಕಾವಲು ಕಣಗಳು ಬಿಡುವಿಲ್ಲದೆ ಪ್ರತಿಕಾಯ ತಯಾರಿಸ್ತಾನೇ ಇರ್ತವೆ. ಕೊನೆಗೆ ಪ್ರತಿಕಾಯದ ಮೇಲೇ ಅಂಟಿಕೊಳ್ಳುವ ಪ್ರತಿಕಾಯ ಹುಟ್ಟುತ್ತೆ. ಲ್ಯಾಬಿನವರು ರುಮಟಾಯ್ಡ್ ಫ್ಯಾಕ್ಟರ್ ಅಂತ ಅಳೆಯೋದು ಅದನ್ನೇ. ಇವೆಲ್ಲ ಗೊಂಚಲಾಗಿ ಸಣ್ಣ ರಕ್ತನಾಳದಲ್ಲಿ ಕೂತರೆ ಕಾಲಿನ ಮೇಲೆ ಕೆಂಪು ಚುಕ್ಕೆ, ಕೀಲಿನ ಹತ್ತಿರ ಕೂತರೆ ಊತ. ಆಂಟಿ ಸಿಸಿಪಿ ಹಾಗಲ್ಲ, ಅದು ನಿಜವಾದ ರುಮಟಾಯ್ಡ್ ಇದ್ದವರಲ್ಲೇ ಹೆಚ್ಚಾಗಿ ಸಿಗೋದು. 2018ರಲ್ಲಿ ಆ ಒಂದು ಪರೀಕ್ಷೆ ಆಗಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತೇನೋ.

ಆ ಗೊಂಚಲಿಗೆ ಕ್ರಯೋಗ್ಲಾಬ್ಯುಲಿನ್ ಅಂತ ಹೆಸರು. ತಣ್ಣಗಾದರೆ ಗಟ್ಟಿಯಾಗುವ ಪ್ರೋಟೀನು. ಇದರ ಪರೀಕ್ಷೆಯದ್ದೇ ಒಂದು ತಮಾಷೆ. ರಕ್ತ ತೆಗೆದ ಕ್ಷಣದಿಂದ ಸೀರಮ್, ಅಂದರೆ ರಕ್ತದ ಮೇಲಿನ ತಿಳಿ, ಬೇರೆ ಮಾಡುವ ತನಕ ಅದನ್ನು ಮೈ ಬಿಸಿಯಲ್ಲೇ, 37 ಡಿಗ್ರಿಯಲ್ಲೇ ಇಡಬೇಕು. ತಣ್ಣಗಾದರೆ ಬೇಕಾದದ್ದೆಲ್ಲ ಹೆಪ್ಪುಗಟ್ಟಿದ ರಕ್ತದ ಜೊತೆ ತಳಕ್ಕೆ ಕೂತು, ಸೀರಮ್ಮಿನಲ್ಲಿ ಏನೂ ಸಿಗಲ್ಲ. ಇವರ ಸ್ಯಾಂಪಲ್ಲನ್ನು ಕಲೆಕ್ಷನ್ ಹುಡುಗ ಬಿಸಿಲು ಅಂತ ಕಾಳಜಿಯಿಂದ ಐಸ್ ಬಾಕ್ಸಿನಲ್ಲಿಟ್ಟು ಹೊರಗಿನ ಲ್ಯಾಬಿಗೆ ಕಳಿಸಿದ. ರಿಪೋರ್ಟ್ ನೆಗೆಟಿವ್. ಬಳ್ಳಾರಿಯ ಬಿಸಿಲಲ್ಲಿ ಹಾಗೇ ಜೇಬಿನಲ್ಲಿಟ್ಟುಕೊಂಡು ಹೋಗಿದ್ದರೂ ಸರಿಯಾದ ಉತ್ತರ ಬರ್ತಿತ್ತೇನೋ! ಡಾಕ್ಟರ್ ಆ ರಿಪೋರ್ಟನ್ನು ಪಕ್ಕಕ್ಕಿಟ್ಟು, ಕಾಲಿನ ಚುಕ್ಕೆ ಮತ್ತು ಆ ಗೊಂಚಲಿಗೆ ಖರ್ಚಾಗಿ ಇಳಿದ ಸಿ4 ನೋಡಿಯೇ ಇದು ವೈರಸ್‌ನ ಕೀಲುವಾತ ಇರಬಹುದು ಅಂದರು. ಇರಬಹುದು ಅಂದರು, ಹೌದು ಅನ್ನಲಿಲ್ಲ. "ಮಾತ್ರೆ ಕೊಡ್ತಿರೋದು ಲಿವರ್ ಉಳಿಸೋಕೆ. ಕೈ ಸರಿಹೋದರೆ ಅದು ಲಾಭ" ಅಂತ ಹೇಳಿ ಕಳಿಸಿದರು. ಇವರು ಮೊದಲರ್ಧ ಮಾತ್ರ ಕೇಳಿಸಿಕೊಂಡು ಬಂದಿದ್ದರು.

ಮಾರ್ಚಿನಲ್ಲಿ ಮೆಥೊಟ್ರೆಕ್ಸೇಟ್ ನಿಂತಿತು. ಮೂರು ವಾರ ನರಕ. ಎರಡೂ ಕೈ ಹೂಕೋಸಿನ ಹಾಗೆ ಊದಿದವು, ಹೆಂಡತಿ ತುತ್ತು ಕಲಸಿಕೊಡಬೇಕಾಯಿತು. ನನ್ನ ಮೇಲೆ ಸಿಟ್ಟು, ಡಾಕ್ಟರ್ ಮೇಲೆ ಸಿಟ್ಟು.

ಏಪ್ರಿಲ್ 10ಕ್ಕೆ ಹೊಸ ಮಾತ್ರೆ ಶುರು. ಸೊಫೊಸ್ಬುವಿರ್ 400 ಮಿಲಿಗ್ರಾಂ, ಡಕ್ಲಾಟಸ್ವಿರ್ 60 ಮಿಲಿಗ್ರಾಂ, ದಿನಕ್ಕೆ ಒಂದೊಂದು, ಹನ್ನೆರಡು ವಾರ. ಮೊದಲ ಎರಡು ವಾರ ಏನೂ ಇಲ್ಲ, ಸ್ವಲ್ಪ ತಲೆನೋವು. ಮೂರನೇ ವಾರ ಕಾಲಿನ ಚುಕ್ಕೆ ಹೊಸದಾಗಿ ಬರೋದು ನಿಂತಿತು. ನಾಲ್ಕನೇ ವಾರ ಬೆಳಗಿನ ಬಿಗಿತ ಎರಡು ಗಂಟೆಯಿಂದ ಅರ್ಧ ಗಂಟೆಗೆ ಇಳಿಯಿತು. ಐದನೇ ವಾರ ನನ್ನ ಕೌಂಟರಿನ ಮೇಲೆ ಆ ಟಪ್ ಸದ್ದು.

ನನಗೆ ನಂಬಿಕೆ ಬರಲಿಲ್ಲ. ನೋವಿಗೆ ಏರಿಳಿತ ಇರುತ್ತೆ, ಬೇಸಿಗೆಯಲ್ಲಿ ಕೆಲಸ ಕಡಿಮೆ, ಆಸೆಯಿಂದಲೂ ಅರ್ಧ ನೋವು ಹೋಗುತ್ತೆ. ಅವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕಂಪ್ಯೂಟರಿನಲ್ಲಿ ಅವರ ಬಿಲ್ ತೆಗೆದು ಕೂತೆ. ಡೈಕ್ಲೋಫೆನಾಕ್, ಜನವರಿಯಲ್ಲಿ ಐದು ಸ್ಟ್ರಿಪ್. ಮಾರ್ಚಿನಲ್ಲಿ ಎಂಟು. ಏಪ್ರಿಲ್ ಆರು. ಮೇ ತಿಂಗಳಲ್ಲಿ ಅಲ್ಲಿಯ ತನಕ ಒಂದು. ಆಮೇಲೆ ಜೂನ್ ಪೂರ್ತಿ ಸೊನ್ನೆ. ಬಾಯಿ ಮಾತು ಸುಳ್ಳಾಗಬಹುದು, ಪೀಸ್ ಲೆಕ್ಕದಲ್ಲಿ ಬದುಕುವವನು ನೋವಿದ್ದೂ ಮಾತ್ರೆ ಕೊಳ್ಳದೆ ಇರಲ್ಲ. ಬೇರೆ ಅಂಗಡಿಯಲ್ಲಿ ತಗೊಂಡಿರಬಹುದಾ? ಕೇಳಿದೆ. ನಿಮ್ಮಲ್ಲಿ ಸಾಲ ಇಟ್ಕೊಂಡು ಬೇರೆ ಕಡೆ ನಗದು ಯಾಕೆ ಕೊಡ್ಲಿ ಅಂದರು. ಅದೂ ಸರಿ.

ಸ್ಟೆರಾಯ್ಡಿನ ಅನುಮಾನವೂ ಇತ್ತು. ಆದರೆ ಪ್ರೆಡ್ನಿಸೊಲೋನ್ ಏರಿಸಿರಲಿಲ್ಲ, ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಇಳಿಸಿ ಜೂನ್ ಕೊನೆಗೆ ನಿಲ್ಲಿಸಿದರು. ಹಿಂದೆಲ್ಲ ಅದು ಇಳಿದಾಗ ಕೈ ಊದುತ್ತಿತ್ತು, ಈ ಸಲ ಇಳಿದ ಹಾಗೆಲ್ಲ ಕೈ ಸಲೀಸಾಯಿತು. ಎಲ್ಲ ಔಷಧಿ ಕಮ್ಮಿಯಾಗಿ ಒಂದೇ ಒಂದು ಹೊಸದು ಬಂದಾಗ ಗುಣ ಆಯಿತು ಅಂದರೆ ಬೊಟ್ಟು ಆ ಕಡೆಗೇ ತಾನೇ ಮಾಡಬೇಕು? ಸೆಪ್ಟೆಂಬರ್ ಕೊನೆಗೆ, ಅಂದರೆ ಮಾತ್ರೆ ಮುಗಿದು ಹನ್ನೆರಡು ವಾರಕ್ಕೆ, ಮತ್ತೆ ಆರ್‌ಎನ್‌ಎ ಪರೀಕ್ಷೆ. ವೈರಸ್ ಪತ್ತೆಯಿಲ್ಲ. ಎಸ್‌ಜಿಪಿಟಿ 28. ಸಿ4 ಮೇಲೆ ಬಂದಿತ್ತು. ರುಮಟಾಯ್ಡ್ ಫ್ಯಾಕ್ಟರ್ 126 ಇದ್ದದ್ದು 34. ಪೂರ್ತಿ ಇಳಿದಿರಲಿಲ್ಲ. ವೈರಸ್ ಹೋದ ಮೇಲೂ ಕೆಲವರಲ್ಲಿ ಆ ಗೊಂಚಲು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತೆ, ಕೆಲವರಿಗೆ ಕೀಲು ನೋವೂ ಉಳಿಯುತ್ತೆ. ಇವರ ಅದೃಷ್ಟ ಚೆನ್ನಾಗಿತ್ತು.

ಒಂದು ಕಾಯಿಲೆಗೆ ಕೊಟ್ಟದ್ದು ಇನ್ನೊಂದಕ್ಕೆ ತಾಗೋದು ಹೊಸದೇನಲ್ಲ. ಇವರು ತಗೊಂಡು ಬಿಟ್ಟ ಹೈಡ್ರಾಕ್ಸಿಕ್ಲೋರೊಕ್ವಿನ್ ಮಲೇರಿಯಾ ಮಾತ್ರೆಗಳ ಮನೆತನದ್ದು. ಆ ಮನೆತನದ ಮೆಪಾಕ್ರಿನ್ ಕೊಟ್ಟಾಗ ಲೂಪಸ್ ಅನ್ನೋ ಚರ್ಮದ ಕಾಯಿಲೆಯ ಜೊತೆಗೆ ಕೀಲುವಾತವೂ ಇಳಿದದ್ದನ್ನು ಪೇಜ್ ಅನ್ನೋ ವೈದ್ಯರು 1951ರಲ್ಲಿ ಬರೆದರು. ಅಮಾಂಟಡಿನ್ ಮೊದಲು ಫ್ಲೂ ವೈರಸ್‌ಗೆ ಅಂತ ಬಂದಿದ್ದ ಔಷಧಿ. ಅಮೆರಿಕದಲ್ಲಿ ಪಾರ್ಕಿನ್ಸನ್ ಅನ್ನೋ ಮಿದುಳಿನ ಕಾಯಿಲೆ ಇದ್ದ ಹೆಂಗಸೊಬ್ಬರು ಫ್ಲೂ ಬರದಿರಲಿ ಅಂತ ಅದನ್ನು ತಗೊಂಡಾಗ ಕೈ ನಡುಕ ಕಮ್ಮಿಯಾಯಿತು, 1969ರಲ್ಲಿ ಅದು ಪ್ರಕಟವಾಯಿತು, ಈಗಲೂ ಪಾರ್ಕಿನ್ಸನ್‌ಗೆ ಕೊಡ್ತಾರೆ. ಆದರೆ ಅಲ್ಲಿ ಔಷಧಿಗೇ ಎರಡನೆಯ ಗುಣ ಇತ್ತು. ಟೇಲರ್ ವಿಷಯ ಬೇರೆ. ಸೊಫೊಸ್ಬುವಿರ್‌ಗೆ ಕೀಲಿನ ಗೊಡವೆಯೇ ಇಲ್ಲ, ಅದು ಕೊಂದದ್ದು ವೈರಸ್ಸನ್ನು. ಕೀಲಿನ ಬೇನೆಯ ಬೇರು ಅಲ್ಲಿತ್ತು, ಅಷ್ಟೇ.

ಇದನ್ನು ನಮ್ಮ ಬೀದಿಗೆ ತಿಳಿಸೋದರಲ್ಲಿ ನಾನು ಸೋತೆ. ಸುದ್ದಿ ಹರಡಿ, ವಾರದಲ್ಲಿ ನಾಲ್ಕು ಜನ ಬಂದು "ಟೇಲರ್‌ಗೆ ಕೊಟ್ರಲ್ಲ, ಆ ವೈರಸ್ ಮಾತ್ರೆ ಕೊಡ್ರಿ" ಅಂತ ನಿಂತರು. ಮನೆಯಲ್ಲಿ ಕೂತು ಜೀನ್ಸಿನ ದಾರ ಕತ್ತರಿಸುವ ಅಜ್ಜಿಯೊಬ್ಬರು ಗಂಟಿನಿಂದ ದುಡ್ಡು ಬಿಚ್ಚಿ ಎಣಿಸಿಯೇ ಬಿಟ್ಟರು. ಅವರಿಗೆ ಇದ್ದದ್ದು ಆಂಟಿ ಸಿಸಿಪಿ ಪಾಸಿಟಿವ್ ಇರುವ ಅಪ್ಪಟ ರುಮಟಾಯ್ಡ್. ವೈರಸ್ ಇಲ್ಲದ ಮೈಗೆ ಆ ಮಾತ್ರೆ ಏನೂ ಮಾಡಲ್ಲ, ನಿಮ್ಮ ಶನಿವಾರದ ಮಾತ್ರೆ ಬಿಟ್ಟರೆ ಬೆರಳು ಸೊಟ್ಟ ಆಗುತ್ತೆ ಅಂತ ಎಷ್ಟು ಹೇಳಿದರೂ, ದುಡ್ಡಿರೋರಿಗೆ ಮಾತ್ರ ಕೊಡ್ತಾನೆ ಅಂತ ಗೊಣಗಿಕೊಂಡು ಹೋದರು. ಪುಕ್ಕಟೆ ಮಾತ್ರೆಗೆ ಈ ಮಾತು! ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿಕೊಳ್ಳಿ ಅಂದರೆ ಮಾತ್ರ ಯಾರೂ ಹೋಗಲಿಲ್ಲ. ಟೇಲರ್ ಮನೆಯವರು ಮಾಡಿಸಿದರು. ಹೆಂಡತಿ, ಇಬ್ಬರು ಮಕ್ಕಳು, ಮೂವರಿಗೂ ನೆಗೆಟಿವ್. ಬಿಗೆ ಲಸಿಕೆ ಇದೆ, ಸಿಗೆ ಇಲ್ಲ, ಹಾಗಾಗಿ ಪರೀಕ್ಷೆಯೊಂದೇ ದಾರಿ.

ನವೆಂಬರಿನಲ್ಲಿ ಹರ್ನಿಯಾ ಆಪರೇಶನ್ನಿಗೆ ಮತ್ತೆ ಹೋದರು. ಮತ್ತದೇ ಪರೀಕ್ಷೆ, ಮತ್ತೆ ರಿಯಾಕ್ಟಿವ್. ಅಲ್ಲಿನ ಸಿಬ್ಬಂದಿ ಮುಖ ನೋಡಬೇಕಿತ್ತಂತೆ. ಆ ಪರೀಕ್ಷೆ ಹುಡುಕೋದು ಪ್ರತಿಕಾಯವನ್ನು, ವೈರಸ್ ಸತ್ತು ಮಣ್ಣಾದರೂ ಅದು ಹೆಚ್ಚಾಗಿ ಜೀವನಪೂರ್ತಿ ಇರುತ್ತೆ. ಇದನ್ನು ನಾನು ಮುಂಚೆಯೇ ಹೇಳಿದ್ದೆ. ಪ್ಲಾಸ್ಟಿಕ್ ಕವರಿನಲ್ಲಿದ್ದ ಸೆಪ್ಟೆಂಬರಿನ ಆರ್‌ಎನ್‌ಎ ರಿಪೋರ್ಟ್ ತೆಗೆದು ಟೇಬಲ್ ಮೇಲೆ ಇಟ್ಟರಂತೆ. ಆಪರೇಶನ್ ಆಯಿತು, ಆದರೆ ಆ ದಿನದ ಪಟ್ಟಿಯಲ್ಲಿ ಎಲ್ಲರಿಗಿಂತ ಕೊನೆಗೆ.

ಕೈ ಈಗ ಚೆನ್ನಾಗಿದೆ. ಬಲ ಮಂಡಿ ಮಾತ್ರ ಹಾಗೇ ಇದೆ. ಮೊನ್ನೆ ಅಂಗಡಿಯ ಮೆಟ್ಟಿಲು ಹತ್ತುವಾಗ ಮಂಡಿ ಹಿಡ್ಕೊಂಡು ನಿಂತು, "ಇದಕ್ಕೂ ಯಾವುದಾದ್ರೂ ವೈರಸ್ ಇರಬೇಕು ನೋಡ್ರಿ" ಅಂದರು. ಇಪ್ಪತ್ತೈದು ವರ್ಷ ಮೆಷಿನ್ ಪೆಡಲ್ ತುಳಿದಿದ್ದೀರಲ್ಲ, ಅದೇ ಅಂದೆ. ಪ್ಯಾರಸಿಟಮಾಲ್ ಒಂದು ಸ್ಟ್ರಿಪ್ ಕೊಟ್ಟೆ.